ಇಬ್ಬರಿಗಾಗುವ ದಮಣಿ

ಚಂದ್ರಾಬಾಯಿಗೆ ಯಾಕೆ ಅಷ್ಟು ಹೊಟ್ಟೆಯುರಿ ಎಂಬುದಕ್ಕೆ ಸಂಖ ಊರಿನ ಹೆಂಗಸರು ತಲೆಗೊಂದು ಕಾರಣ ಹೇಳುತ್ತಿದ್ದರು. ಮಕ್ಕಳಿಲ್ಲವಲ್ಲ, ಅದಕ್ಕೆ ಎಂದರು ಕೆಲವರು. ಹುಟ್ಟುಗುಣ ಎಂದರು ಅವಳನ್ನು ಹತ್ತಿರದಿಂದ ಬಲ್ಲವರು. ಮಕ್ಕಳ ಮಾತು ಕಿವಿಗೆ ಬಿದ್ದರೆ ಚಂದ್ರಾಬಾಯಿ ಸುಮ್ಮನೆ ಬಿಡುತ್ತಿರಲಿಲ್ಲ. "ಮಕ್ಕಳಾಗಬೇಕಾದ್ರ ಗಂಡ ಮನ್ಯಾಗ ಇರಬೇಕವ್ವಾ. ಕುರಿ ಹಿಂದ ಹೋದಾವ್ರಿಗಿ ಕುರಿಮರಿನ ಹುಟ್ಟತಾವ" ಎಂದು ಹೇಳಿ ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದಳು.

ನಿಜವಾದ ಕಾರಣ ಹಾಲವ್ವ. ಹಾಲವ್ವ ಅವಳ ನೆಗೆಣ್ಣಿ, ಗಂಡನ ಸತ್ತ ಅಣ್ಣನ ಹೆಂಡತಿ. ದೀಪಾವಳಿ ಮುಗಿದು ಕುರಿಗಳು ಕೃಷ್ಣಾ ದಂಡೆಯ ಕಡೆ ಹೊರಟವೆಂದರೆ ಮತ್ತೆ ಸಂಖ ಕಾಣುವುದು ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆಯೇ. ಅಷ್ಟೂ ತಿಂಗಳು ಭರಮಣ್ಣನಿಗೆ ರೊಟ್ಟಿ ಬಡಿದು ಹಾಕುವವಳು ಹಾಲವ್ವ. ಅವನಿಗೆ ಜ್ವರ ಬಂದರೆ ಕಷಾಯ ಕಾಯಿಸುವವಳು ಹಾಲವ್ವ. ಅವನ ಕೈಹಿಡಿದ ಹೆಂಡತಿ ಚಂದ್ರಾಬಾಯಿ ಊರಲ್ಲಿ ಕೂತು ಅತ್ತೆಯ ಕಾಲು ಒತ್ತುತ್ತಿದ್ದಳು. ಒಬ್ಬ ಸೊಸೆ ಕುರಿಯ ಜೊತೆ, ಒಬ್ಬ ಸೊಸೆ ಅತ್ತೆಯ ಜೊತೆ ಎಂಬುದು ಆ ಮನೆಯ ಕಟ್ಟಳೆ. ಹಾಲವ್ವ ಕುರಿಗಾರರ ಮಗಳು, ಮೊದಲು ಬಂದವಳು, ಅವಳ ಪಾಲಿಗೆ ಕುರಿ ಬಂತು. ಚಂದ್ರಾಬಾಯಿ ಬಿಳೂರಿನ ಒಕ್ಕಲು ಮನೆಯವಳು, ಅವಳ ಪಾಲಿಗೆ ಅತ್ತೆ ಬಂದಳು. ಹಾಲವ್ವನ ಗಂಡ ತೀರಿಕೊಂಡ ಮೇಲೂ ಈ ಪಾಲು ಬದಲಾಗಲಿಲ್ಲ. ಬದಲಾಯಿಸಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ, ಒಬ್ಬಳನ್ನು ಬಿಟ್ಟು.

ಅವರಿಬ್ಬರ ನಡುವೆ ತಪ್ಪೇನಾದರೂ ನಡೆದಿದೆ ಎಂದು ಚಂದ್ರಾಬಾಯಿ ನಂಬಿರಲಿಲ್ಲ. ನಂಬಿದ್ದರೆ ಬೀದಿಗೆ ಬಂದು ಒಂದು ಜಗಳ ತೆಗೆದು ಮುಗಿಸಿಬಿಡುತ್ತಿದ್ದಳು. ಅವಳ ಸಂಕಟ ಬೇರೆ. ಮಿರಗಕ್ಕೆ ಮನೆಗೆ ಬಂದ ಗಂಡ ಊಟಕ್ಕೆ ಕೂತು, "ವೈನಿ, ಆ ಅಥಣಿ ಗೌಡನ ಹೊಲದಾಗ..." ಎಂದು ಅತ್ತಿಗೆಯ ಕಡೆ ತಿರುಗಿ ಶುರು ಮಾಡುತ್ತಿದ್ದ. ಅಷ್ಟಕ್ಕೇ ಹಾಲವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಮಾತು ಮುಗಿಸುವ ಅಗತ್ಯವೇ ಇರಲಿಲ್ಲ. ಗೌಡನ ಹೊಲದಲ್ಲಿ ಏನಾಯಿತೆಂಬುದು ಅವರಿಬ್ಬರಿಗೂ ಗೊತ್ತು, ತಾಟಿಗೆ ಪಲ್ಯ ಬಡಿಸುವವಳಿಗೆ ಮಾತ್ರ ಗೊತ್ತಿಲ್ಲ. ಆ ನಗುವನ್ನು ಚಂದ್ರಾಬಾಯಿಗೆ ಸಹಿಸಲು ಆಗುತ್ತಿರಲಿಲ್ಲ. ಕೇಳಿದರೆ ಹೇಳುತ್ತಿದ್ದರು, ಇಲ್ಲವೆನ್ನುವಂತಿಲ್ಲ. ಆದರೆ ಕೇಳಿ ತಿಳಿದುಕೊಂಡ ನಗೆಯಲ್ಲಿ ಏನು ರುಚಿ?

ಜತ್ತದ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಮರುವರ್ಷ ಶ್ರಾವಣದಲ್ಲಿ ಅತ್ತೆ ತೀರಿಕೊಂಡಳು. ದಸರೆಯ ಹೊತ್ತಿಗೆ ಸಾಮಾನು ಹೊರುವ ಕುದುರೆಯೂ ಸತ್ತಿತು. ಭರಮಣ್ಣ ತಾಯಿಗೆ ಅತ್ತಷ್ಟೇ ಕುದುರೆಗೂ ಅತ್ತ. ಕುರಿಗಾರರ ಅಳುವಿಗೆ ಲೆಕ್ಕ ಬೇರೆ, ಅದಿರಲಿ. ಸೂತಕ, ಹಬ್ಬ ಎರಡೂ ಮುಗಿಯುವ ಹೊತ್ತಿಗೆ ಅವನು ಕಟ್ಟೆಯ ಮೇಲೆ ಕೂತು ಹೊಸ ಮಾತು ತೆಗೆದ.

"ಈ ಸಲ ಕುದುರಿ ಬ್ಯಾಡ. ಒಂದು ಬಂಡಿ ತಗೊಳ್ಳೂನು. ಮ್ಯಾಲ ಮುಚ್ಚಿಗಿ ಇರಬೇಕು. ಅದ ಮನಿ, ಅದ ಅಡಗಿ ಸಾಮಾನು, ಎಲ್ಲಾ ಅದ. ಬಿಸಲು ಬರಲಿ, ಥಂಡಿ ಬರಲಿ, ವರ್ಷಾನಗಟ್ಲೆ ಅದರಾಗ ಇರೂ ಹಂಗ ಇರಬೇಕು. ವೈನಿಗೂ ವಯಸ್ಸಾತು, ಎಷ್ಟಂತ ನಡೀತಾಳ?"

ಕಡೆಯ ಮಾತೊಂದನ್ನು ಆಡದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಒಳಗೆ ಹಿಟ್ಟು ನಾದುತ್ತಿದ್ದ ಚಂದ್ರಾಬಾಯಿಯ ಕೈ ಹಾಗೇ ನಿಂತಿತು. ತಾನಿರುವ ಮಾಳಿಗೆ ಮಳೆ ಬಂದರೆ ಸೋರುತ್ತದೆ, ಅದಕ್ಕೆ ಮಣ್ಣು ಹಾಕಿಸಿ ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಈಗ ಹಾಲವ್ವನಿಗೆ ಗಾಲಿಯ ಮೇಲೆ ಹೊಸ ಮನೆ! ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ನಾನೂ ಬರ್ತೀನಿ."

"ಎಲ್ಲಿಗಿ?"

"ಬಂಡಿ ನೋಡಾಕ. ಆಮ್ಯಾಲ ಕುರಿ ಹಿಂದ. ಅತ್ತಿ ಹೋದ್ರು, ಇನ್ನ ಈ ಮನ್ಯಾಗ ನಾ ಯಾರ ಕಾಲು ಒತ್ತಲಿ? ಮದಿವಿ ಆಗಿ ಹನ್ನೆರಡು ವರ್ಷ ಆತು. ನಿಮ್ಮ ಜೋಡಿ ಒಂದು ಥಂಡಿ ಕಾಲ ಕಂಡೇನೇನು ನಾನು?"

ಭರಮಣ್ಣ ಬೆರಳು ಮಡಚಿದ. ತಾನು, ಇಬ್ಬರು ಹೆಂಗಸರು, ಮತ್ತು ಬಂಡಿ ಹೊಡೆಯಲು ಶಿದ್ರಾಯ ಕಾಕಾ. "ಹಂಗಾದ್ರ ನಾಲ್ಕು ಮಂದಿ ಆತು. ದೊಡ್ಡ ಬಂಡಿನ ನೋಡೂನು" ಎಂದ. ದೊಡ್ಡ ಬಂಡಿ ಎಂದದ್ದು ಚಂದ್ರಾಬಾಯಿಗೆ ಹಿಡಿಸಲಿಲ್ಲ.

ಶಿದ್ರಾಯ ಭರಮಣ್ಣನ ಚಿಕ್ಕಪ್ಪ. ಲಗ್ನವಾಗದೆ ಕುರಿಯ ಹಿಂದೆಯೇ ಮುದುಕನಾದವನು. ಬಂಡಿ ನೋಡಲು ಹೊರಟ ದಿನ ಅವನು ಮನೆಯ ಎತ್ತುಗಳನ್ನು ಹೊಡೆದುಕೊಂಡು, ಜೊತೆಗೆ ಒಂದು ಮುದಿ ಕುರಿಯ ಕೊರಳಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದ. ಹೊಲ ಆರಿಸಲಿ, ನೆರಳು ಆರಿಸಲಿ, ಅವನ ಪದ್ಧತಿ ಒಂದೇ. ಕುರಿಯನ್ನು ಅಲ್ಲಿ ಬಿಡುವುದು. ಅದು ಮಲಗಿ ಮೆಲುಕು ಹಾಕಿದರೆ ಜಾಗ ಒಳ್ಳೆಯದು, ನಿಂತೇ ಇದ್ದರೆ ಮುಂದಕ್ಕೆ ನಡೆಯುವುದು.

"ಬಂಡ್ಯಾಗ ಇರಾವ್ರು ನಾವೋ ಕುರಿಯೋ ಮಾವಾರ?" ಎಂದು ಕೇಳಿದಳು ಚಂದ್ರಾಬಾಯಿ.

"ಎಲ್ಲಾರೂ" ಎಂದ ಶಿದ್ರಾಯ. ಚಂದ್ರಾಬಾಯಿ ಅದನ್ನು ಚೇಷ್ಟೆ ಎಂದುಕೊಂಡಳು.

ಮೊದಲು ನೋಡಿದ್ದು ಬಿಳೂರಿನ ತಮ್ಮಣ್ಣನ ಬಂಡಿ. ಹತ್ತಿ, ಮೇವು ಹೇರುತ್ತಿದ್ದ ಅಗಲವಾದ ಒಕ್ಕಲು ಬಂಡಿ, ಜಾಲಿ ಮರದ್ದು. ಮೇಲೆ ಬಿದಿರಿನ ಕಮಾನು ಕಟ್ಟಿ ತಟ್ಟಿ ಹೊದಿಸಿದರೆ ಒಂದು ಕೋಣೆಯೇ ಆಗುತ್ತಿತ್ತು. ಹಾಲವ್ವ ಅದನ್ನು ನೋಡಿದ ರೀತಿಯೇ ಬೇರೆ. ಹಲಗೆಯನ್ನು ಹಿಮ್ಮಡಿಯಿಂದ ಒತ್ತಿ ನೋಡಿದಳು, ಕೆಳಗೆ ಬಾಗಿ ಅಚ್ಚು ನೋಡಿದಳು, ಆಮೇಲೆ ಹತ್ತಿ ಉದ್ದಕ್ಕೂ ಮಲಗಿ, ಅಡ್ಡಕ್ಕೂ ಮಲಗಿ ನೋಡಿದಳು. ಎಷ್ಟೋ ಥಂಡಿ ಕಾಲಗಳಿಂದ ಮನಸ್ಸಿನಲ್ಲೇ ಇಂಥದೊಂದು ಬಂಡಿ ಕಟ್ಟಿಕೊಂಡಿದ್ದವಳ ಹಾಗೆ ಅವಳಿಗೆ ಎಲ್ಲಕ್ಕೂ ಜಾಗ ಗೊತ್ತಿತ್ತು.

"ಈ ಮೂಲ್ಯಾಗ ನೀರಿನ ಕೊಡ. ಈ ಕಡಿ ಜ್ವಾಳದ ಚೀಲ. ಹಿಂದ ಮರಿಗೋಳು. ನಡುವ ನಾವಿಬ್ರೂ ಮಲಗಬಹುದು ಚಂದ್ರವ್ವಾ. ಮಳಿ ಬಂದ್ರ ಇವ್ರೂ ಒಳಗ ಕುಂದರತಾರ" ಎಂದಳು.

ನಾವಿಬ್ಬರೂ! ಹಾಲವ್ವನ ಗೊರಕೆ ಕೇಳುತ್ತ ಮಲಗಲು ಚಂದ್ರಾಬಾಯಿ ಮನೆ ಬಿಟ್ಟು ಹೊರಟಿರಲಿಲ್ಲ. ಅಷ್ಟರಲ್ಲಿ ಶಿದ್ರಾಯನ ಕುರಿ ಬಂಡಿಯ ನಡುವೆ ಕಾಲು ಮಡಚಿ ಮಲಗಿ, ಬಾಡಿಗೆ ಕೊಟ್ಟವರ ಠೀವಿಯಲ್ಲಿ ಮೆಲುಕು ಹಾಕತೊಡಗಿತು. ಭರಮಣ್ಣನ ಮುಖ ಅರಳಿತು. ಚಂದ್ರಾಬಾಯಿ ಲಗುಬಗೆಯಿಂದ ಗಾಲಿ ಹಿಡಿದು ಅಲುಗಾಡಿಸಿದಳು.

"ಗಾಲಿ ಅಳ್ಳಾಡತಾವ. ಸೆಗಣಿ ವಾಸನಿ ಬ್ಯಾರೆ. ಜತ್ತದಾಗ ಇನ್ನೂ ಎರಡು ಅದಾವ ಅಂತ ಅಂದಿದ್ರಿ, ನೋಡೂನು ನಡೀರಿ."

ಅಲ್ಲಾಡಿದ್ದು ಗಾಲಿಯೋ ಅವಳ ಕೈಯೋ ಎಂದು ತಮ್ಮಣ್ಣ ಕೇಳಬಹುದಿತ್ತು. ಊರಿನ ಮಗಳೆಂದು ಸುಮ್ಮನಾದ.

ಜತ್ತದಲ್ಲಿ ಹಳೇ ಕಬ್ಬಿಣದ ವ್ಯಾಪಾರಿ ವಿಠೋಬನ ಹಿತ್ತಿಲಲ್ಲಿ ಎರಡನೆಯದು ನಿಂತಿತ್ತು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಟ್ರೇಲರ್. ಮೈಯೆಲ್ಲ ಕಬ್ಬಿಣ, ಹಸಿರು ಬಣ್ಣ, ರಬ್ಬರಿನ ಗಾಲಿ. ಮೋಟಾರಿನ ಹಿಂದೆ ಕಟ್ಟುವ ಕಡೆ ನೊಗ ಕಟ್ಟಿಕೊಂಡರಾಯಿತು ಎಂದು ವಿಠೋಬ ವಿವರಿಸಿದ. "ಸಾಹೇಬರ ಘರ್ ಇದು. ಒಳಗ ಕುಂತ್ರ ಒಂದು ಧಕ್ಕಾ ಬಡಿಯೂದಿಲ್ಲ" ಎಂದು ಅದರ ಪಕ್ಕೆಗೆ ಬಡಿದ. ಅದು ಗುಡಿಯ ಗಂಟೆಯ ಹಾಗೆ ಸದ್ದು ಮಾಡಿತು. ಭರಮಣ್ಣ ಸಣ್ಣ ಹುಡುಗನಾಗಿ ಸುತ್ತಲೂ ತಿರುಗಿ ತಿರುಗಿ ನೋಡಿದ, ರಬ್ಬರನ್ನು ಹಿಸುಕಿದ.

ಹೊತ್ತು ನೆತ್ತಿಯ ಮೇಲಿತ್ತು. ಶಿದ್ರಾಯ ಕುರಿಯನ್ನು ಎತ್ತಿ ಒಳಗೆ ಬಿಟ್ಟದ್ದೇ ತಡ, ಕಾದ ಕಬ್ಬಿಣದ ಮೇಲೆ ಅದು ನಾಲ್ಕೂ ಕಾಲು ಎತ್ತಿ ಎತ್ತಿ ಕುಣಿದು ಹೊರಗೆ ಹಾರಿತು. ಹಾಲವ್ವ ಅಂಚು ಮುಟ್ಟಿ ಕೈ ಹಿಂದೆ ತೆಗೆದಳು.

"ಹಿಟ್ಟು ಕಲಸ್ಕೊಂಡ ಬಂದಿದ್ರ ಇಲ್ಲೇ ರೊಟ್ಟಿ ಬೇಯಿಸಿ ಹೋಗಬಹುದಿತ್ತು" ಎಂದಳು.

ಭರಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಚಂದ್ರಾಬಾಯಿಗೂ ನಗು ಬಂದಿತ್ತು. ಗಂಡ ನಕ್ಕದ್ದನ್ನು ಕಂಡು ಅದನ್ನು ನುಂಗಿಕೊಂಡಳು. ತಾನು ದಿನಕ್ಕೆ ಹತ್ತು ಮಾತಾಡಿದರೂ ಈ ಮನುಷ್ಯ ಒಮ್ಮೆಯೂ ಹೀಗೆ ನಕ್ಕವನಲ್ಲ. "ಜಾಲಿಮುಳ್ಳಿನ ನಾಡಾಗ ರಬ್ಬರ್ ಗಾಲಿ! ಗಾಳಿ ಹೋದ್ರ ಊದಾಕ ನೀ ಬರ್ತೀಯೇನು?" ಎಂದು ಶಿದ್ರಾಯ ವಿಠೋಬನನ್ನು ಕೇಳಿದ. ಅಲ್ಲಿಗೆ ಟ್ರೇಲರಿನ ಮಾತು ಮುಗಿಯಿತು.

ವಿಠೋಬ ಜಾಣ. ಗಿರಾಕಿ ಕೈತಪ್ಪುವುದನ್ನು ನೋಡಿ ಅವರನ್ನು ಪಕ್ಕದ ಪಡಸಾಲೆಗೆ ಕರೆದೊಯ್ದ. ಅಲ್ಲಿ ಬಟ್ಟೆ ಹೊದಿಸಿ ಒಂದು ದಮಣಿ ನಿಲ್ಲಿಸಿದ್ದ. ಸಂಸ್ಥಾನದಲ್ಲಿ ಕಾರಭಾರ ಮಾಡಿದ್ದ ಒಂದು ಮನೆತನದ ಹೆಂಗಸರು ಕೂತು ತಿರುಗಾಡುತ್ತಿದ್ದ ಸವಾರಿ ಗಾಡಿ ಅದು. ಬಾಗಿದ ಮರದ ಛಾವಣಿ, ಹಿತ್ತಾಳೆಯ ಗುಬ್ಬಿಗಳು, ಎರಡೂ ಬದಿಗೆ ಅಂಗೈ ಅಗಲದ ಕಿಟಕಿ, ಹಿಂದೆ ಕೆಂಪು ಪರದೆ, ಒಳಗೆ ಹತ್ತಿಯ ಗಾದಿ. ಬಟ್ಟೆ ಸರಿಸಿದ ಕೂಡಲೇ ಚಂದ್ರಾಬಾಯಿ ಯಾರನ್ನೂ ಕೇಳದೆ ಹತ್ತಿದಳು, ಮಲಗಿದಳು. ತಲೆ ಈಚೆ ಹಲಗೆಗೆ, ಕಾಲು ಆಚೆ ಹಲಗೆಗೆ ತಾಗಿತು. ಪಕ್ಕಕ್ಕೆ ಕೈ ಚಾಚಿದಳು. ಇನ್ನೊಂದು ಆಳಿಗೆ ಜಾಗ ಇತ್ತು, ಅದಕ್ಕಿಂತ ಒಂದು ಬೊಗಸೆಯೂ ಹೆಚ್ಚಿಲ್ಲ.

"ಬರ್ರಿ, ಹತ್ತಿ ನೋಡ್ರಿ" ಎಂದು ಗಂಡನನ್ನು ಕರೆದಳು. ಭರಮಣ್ಣ ರುಮಾಲು ತೆಗೆದು, ತಲೆ ತಗ್ಗಿಸಿ, ಮೊಣಕಾಲು ಎದೆಗೆ ಒತ್ತಿಕೊಂಡು ಪಕ್ಕದಲ್ಲಿ ಕೂತ. ಅವನ ಕಂಬಳಿಯ ವಾಸನೆ ಆ ಪೆಟ್ಟಿಗೆಯನ್ನೆಲ್ಲ ತುಂಬಿತು. ಹಗಲು ಹೊತ್ತಿನಲ್ಲಿ ಗಂಡನ ಇಷ್ಟು ಹತ್ತಿರ ಅವಳು ಕೂತದ್ದೇ ಇಲ್ಲ. ಅವಳಿಗೆ ಬಹಳ ಸುಖವೆನಿಸಿತು. ಸುಖವೆನಿಸಿದ ಕೂಡಲೇ ನೆಗೆಣ್ಣಿಯ ನೆನಪಾಯಿತು.

"ಅಕ್ಕಾ, ನೀವೂ ಬರ್ರಿ" ಎಂದಳು ಜೇನಿನಂಥ ದನಿಯಲ್ಲಿ.

ಹಾಲವ್ವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಒಳಗೆ ನೋಡಿದಳು. ಅವರಿಬ್ಬರನ್ನು ನೋಡಿದಳು. ಕಾಲು ಕೆಳಗಿಟ್ಟಳು.

"ಇಬ್ಬರಿಗಷ್ಟ ಐತಿ."

"ಹೌದೇನು? ಅಯ್ಯ ಶಿವನ, ನನಗ ತಿಳೀಲೇ ಇಲ್ಲ ನೋಡ್ರಿ!" ಎಂದಳು ಚಂದ್ರಾಬಾಯಿ. ಅಷ್ಟು ಚಂದವಾಗಿ ಅಭಿನಯಿಸುವವರು ಆ ಕಾಲದ ನಾಟಕ ಕಂಪನಿಗಳಲ್ಲೂ ವಿರಳ.

ಶಿದ್ರಾಯನ ಕುರಿ ದಮಣಿ ಹತ್ತಲಿಲ್ಲ. ಹಿಂದಿನಿಂದ ನೂಕಿದರೆ ಮುಂಗಾಲು ಮಾತ್ರ ಮೆಟ್ಟಿಲ ಮೇಲಿಟ್ಟು, ಒಂದು ಹಿಡಿ ಹಿಕ್ಕೆ ಉದುರಿಸಿ ನಿಂತುಬಿಟ್ಟಿತು. "ಇದು ಆಗೂದಿಲ್ಲ" ಎಂದು ಶಿದ್ರಾಯ ತೀರ್ಪು ಕೊಟ್ಟ.

"ಕುರಿನ ಕೇಳಿ ಸಂಸಾರ ಮಾಡಾಕ ಆಗತೈತೇನ್ರಿ ಮಾವಾರ?"

ಭರಮಣ್ಣ ಇಳಿದು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಚೀಲ ಎಲ್ಲಿಡುವುದು, ಕೊಡ ಎಲ್ಲಿ ಕಟ್ಟುವುದು ಎಂದು ತನ್ನಷ್ಟಕ್ಕೆ ಗೊಣಗಿದ. ಆಮೇಲೆ ರೂಢಿಯಂತೆ ಹಾಲವ್ವನ ಮುಖ ನೋಡಿದ. ಎಲ್ಲಿ ಹಟ್ಟಿ ಹಾಕಬೇಕು, ಯಾವ ಹೊಲಕ್ಕೆ ಹೋಗಬೇಕು, ಎಲ್ಲಕ್ಕೂ ಅವನು ಆ ಮುಖವನ್ನೇ ನೋಡುತ್ತಿದ್ದನೆಂದು ಚಂದ್ರಾಬಾಯಿಗೆ ಅದೊಂದು ಕ್ಷಣದಲ್ಲಿ ಗೊತ್ತಾಯಿತು.

"ಅಕ್ಕನ ಮಾರಿ ಯಾಕ ನೋಡತೀರಿ? ನನ್ನ ಮಾರಿ ನೋಡ್ರಿ. ಇಷ್ಟು ವರ್ಷದಾಗ ನಾ ನಿಮ್ಮನ್ನ ಏನರ ಬೇಡೇನೇನು? ಒಂದು ಸೀರಿ, ಒಂದು ಬಳಿ? ಇದ ಒಂದು ಕೇಳತೀನಿ."

ಭರಮಣ್ಣ ತಲೆ ಕೆರೆದುಕೊಂಡ. ಉತ್ತರ ಬಂದದ್ದು ಹಾಲವ್ವನಿಂದ.

"ಇದನ್ನ ತಗೋ ಭರಮಣ್ಣಾ. ನೀವು ಹೋಗ್ರಿ. ನಾ ಮನ್ಯಾಗ ಇರ್ತೀನಿ."

ಇಷ್ಟೇ. ಬಿಳೂರಿನಿಂದ ಬರುವ ದಾರಿಯುದ್ದಕ್ಕೂ ಚಂದ್ರಾಬಾಯಿ ಜಗಳಕ್ಕೆ ಮಾತು ಜೋಡಿಸಿಕೊಂಡು ಬಂದಿದ್ದಳು. ಅವೆಲ್ಲ ಹಾಗೇ ಉಳಿದವು. ತನಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಅದನ್ನೂ ಹಾಲವ್ವನೇ ಕೊಟ್ಟ ಹಾಗಾಯಿತಲ್ಲ ಎಂದು ಅವಳಿಗೆ ಮತ್ತೆ ಸಿಟ್ಟು ಬಂತು. ಹಾಲವ್ವ ಆಗಲೇ ಎತ್ತುಗಳ ಕಡೆ ಹೊರಟಿದ್ದಳು.

ಹೊರಡುವ ದಿನ ಹಾಲವ್ವ ಕೈ ಚಾಚಿ ಮನೆಯ ಕೀಲಿ ಕೇಳಿದಳು. ಚಂದ್ರಾಬಾಯಿ ಸೊಂಟದಿಂದ ಬಿಚ್ಚಿ ಕೊಟ್ಟಳು. ಹಾಲವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಗಂಟು ಬಿಗಿಯಾಯಿತೋ ಇಲ್ಲವೋ ಎಂದು ಎಳೆದು ನೋಡಿ, ಸಣ್ಣಗೆ ನಕ್ಕಳು. ಬೇಡವಾಗಿದ್ದ ಆ ಸೋರುವ ಮನೆ ಚಂದ್ರಾಬಾಯಿಗೆ ಆ ಕ್ಷಣಕ್ಕೆ ಬೇಕೆನಿಸಿತು. "ಕರೀ ಕುರಿ ಎಲ್ಲಾಕಿಂತ ಮದಲ ಈಯತೈತಿ. ಅದರ ಮ್ಯಾಲ ಕಣ್ಣಿಡು" ಎಂದಳು ಹಾಲವ್ವ. "ನನಗ ಗೊತ್ತೈತಿ" ಎಂದಳು ಚಂದ್ರಾಬಾಯಿ. ಕರೀ ಕುರಿ ಯಾವುದೆಂದೇ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ಕರಿಯವೇ ಹೆಚ್ಚು.

ಮುಚ್ಚಂಡಿಯ ಹೊಲವೊಂದರಲ್ಲಿ ಮೊದಲ ಮುಕ್ಕಾಮು. ಹೊಲದ ಗೊಬ್ಬರಕ್ಕಾಗಿ ಸುತ್ತ ಬಲೆ ಕಟ್ಟಿ ರಾತ್ರಿಯೆಲ್ಲ ಕುರಿ ಕೂಡಿಹಾಕುವುದೇ ಹಟ್ಟಿ. ದಮಣಿಯನ್ನು ಹಟ್ಟಿಯಿಂದ ಸ್ವಲ್ಪ ದೂರ, ಬೇವಿನ ಮರದ ಕೆಳಗೆ ನಿಲ್ಲಿಸಿದರು. ಒಳಗೆ ಹಿಡಿಸದ ಚೀಲಗಳನ್ನು ಛಾವಣಿಯ ಮೇಲೆ ಬಿಗಿದಿದ್ದರು. ಕೊಡ, ಬುಟ್ಟಿ, ಹಂಚು ಎಲ್ಲ ಎರಡೂ ಬದಿಗೆ ಜೋತಾಡುತ್ತಿದ್ದವು. ದಾರಿಯಲ್ಲಿ ಕಂಡವರೆಲ್ಲ "ಯಾರ ಮದಿವಿ?" ಎಂದು ಕೇಳಿದ್ದರು. ಚಂದ್ರಾಬಾಯಿಗೆ ಆ ಪ್ರಶ್ನೆ ಬೇಸರ ತರಲಿಲ್ಲ.

ಸಂಜೆ ಅವಳು ಗಾದಿ ಕೊಡವಿದಳು, ಎಲೆ ಅಡಿಕೆ ತೆಗೆದಿಟ್ಟಳು, ಕೆಂಪು ಪರದೆಯನ್ನು ಅರ್ಧ ಸರಿಸಿದಳು. ಭರಮಣ್ಣ ಉಂಡ. "ರೊಟ್ಟಿ ಭಾಳ ದಪ್ಪ ಆಗ್ಯಾವ. ವೈನಿ ಹಾಳಿ ಹಂಗ ಬಡೀತಿದ್ಲು" ಎಂದ. ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದ.

"ಎಲ್ಲಿಗ್ರಿ?"

"ಹಟ್ಟಿಗಿ."

"ಬಂಡಿ ಐತಲ್ರೀ."

"ತ್ವಾಳ ಅದಾವ ಇಲ್ಲಿ" ಎಂದು ಅವನು ಹೊರಟುಹೋದ.

ಇರಲಿ, ತೋಳದ ಊರು ಎಂದುಕೊಂಡಳು. ಮುಂದಿನ ಊರಿನಲ್ಲಿ ತೋಳ ಇರಲಿಲ್ಲ, ಬಲೆ ಹರಿದಿತ್ತು. ಅದರ ಮುಂದಿನ ಊರಿನಲ್ಲಿ ಬಲೆ ಗಟ್ಟಿಯಿತ್ತು, ಕುರಿ ಕೆಮ್ಮುತ್ತಿದ್ದವು. ಅವನಿಗೆ ಕಾರಣಗಳಿಗೆ ಕೊರತೆ ಇರಲಿಲ್ಲ. ಕೆಲವು ದಿನಗಳ ಮೇಲೆ ಕಾರಣ ಕೇಳುವುದನ್ನೇ ಅವಳು ಬಿಟ್ಟಳು. ಕುರಿಗಾರರು ಕುರಿಯ ನಡುವೆ ಮಲಗುತ್ತಾರೆಂಬುದು ಲೋಕಕ್ಕೆಲ್ಲ ಗೊತ್ತು, ಅವಳಿಗೂ ಗೊತ್ತಿತ್ತು. ಆದರೆ ತಲೆಯ ಮೇಲೆ ಮುಚ್ಚಿಗೆ ಇಲ್ಲದ್ದಕ್ಕೆ ಹಾಗೆ ಮಲಗುತ್ತಾರೆ ಎಂದು ಆ ಒಕ್ಕಲು ಮನೆಯ ಮಗಳು ತಿಳಿದಿದ್ದಳು. ಮುಚ್ಚಿಗೆ ಕೊಟ್ಟರೆ ಗಂಡ ಅದರ ಕೆಳಗೆ ಬರುತ್ತಾನೆ ಎಂದು ಲೆಕ್ಕ ಹಾಕಿದ್ದಳು. ಗಾಡಿಯಲ್ಲಿ ಒಬ್ಬಳೇ ಮಲಗಿ ಪಕ್ಕದ ಖಾಲಿ ಜಾಗಕ್ಕೆ ಕೈಯಿಟ್ಟರೆ ಗಾದಿ ತಣ್ಣಗಿರುತ್ತಿತ್ತು. ಸಂಖದ ಮನೆಯಲ್ಲಿ ಮಲಗಿದ್ದಕ್ಕೂ ಇದಕ್ಕೂ ಇದ್ದ ವ್ಯತ್ಯಾಸ, ಇದಕ್ಕೆ ಗಾಲಿ ಇತ್ತು.

ಜತ್ತದ ಸಂತೆಯಲ್ಲಿ ಊರಿನ ರುಕ್ಮವ್ವ ಸಿಕ್ಕಳು. ಸಂಖದಲ್ಲಿ ಅವಳದು ಪಕ್ಕದ ಮನೆ. ಕೇಳದೆಯೇ ಸುದ್ದಿ ಹೇಳಿದಳು.

"ನಿಮ್ಮ ಹಾಲವ್ವಕ್ಕ ಗ್ವಾಡಿಗಿ ಸುಣ್ಣ ಹಚ್ಯಾಳ, ಮಾಳಿಗಿಗಿ ಮಣ್ಣು ಹಾಕಿಸ್ಯಾಳ. ಹೊತ್ತೇರೂಮಟ ಮಲಗತಾಳ ನೋಡವ್ವಾ! ಮಧ್ಯಾಹ್ನ ನಾವೆಲ್ಲಾ ಆಕಿ ಕಟ್ಟಿ ಮ್ಯಾಲ ಕೂಡತೀವಿ. ಏನ ಕತಿ ಹೇಳತಾಳ, ಏನ ನಗಸತಾಳ! ಹತ್ತ ವರ್ಷ ಸಣ್ಣಾಕಿ ಆಗ್ಯಾಳ."

ಆಕಿ ಕಟ್ಟಿ! ಆ ಕಟ್ಟೆಗೆ ಸೆಗಣಿ ಸಾರಿಸಿ ಸಾರಿಸಿ ಬೆನ್ನು ಬಾಗಿಸಿಕೊಂಡವಳು ಯಾರು? ಅತ್ತೆ ಇದ್ದಾಗ ಅಲ್ಲಿ ಒಂದು ಗಳಿಗೆ ಕೂತರೂ ಬೈಸಿಕೊಂಡವಳು ಯಾರು? ಅಂದು ಚಂದ್ರಾಬಾಯಿಗೆ ಊಟ ಸೇರಲಿಲ್ಲ. ಹಾಲವ್ವ ಬಯಲಿನಲ್ಲಿದ್ದಾಗ ಬಯಲು ಚೆನ್ನಾಗಿತ್ತು, ಈಗ ಅವಳು ಮನೆಯಲ್ಲಿದ್ದಾಳೆ, ಮನೆಯೇ ಚೆನ್ನಾಗಿದೆ. ಈ ಹೆಂಗಸು ಎಲ್ಲಿ ಕಾಲಿಟ್ಟರೆ ಅಲ್ಲಿ ಸುಖ ಓಡಿಬರುತ್ತದೆ ಎಂದು ಅವಳಿಗೆ ಅಳು ಬಂತು.

ಬಿಳೂರು ದಾಟಿದ ಮೇಲೆ ಥಂಡಿ ಜೋರಾಯಿತು, ಕುರಿಗಳು ಈಯಲು ಶುರು ಮಾಡಿದವು. ಕರೀ ಕುರಿಯೇ ಮೊದಲು ಈಯಿತು. ಹಿಂದೆಯೇ ಒಂದಾದ ಮೇಲೊಂದು. ಹಾಲವ್ವ ಇದ್ದಿದ್ದರೆ ತಾಯಿ ಯಾವುದು, ಮರಿ ಯಾವುದು ಎಂದು ನೋಡಿದ ಕೂಡಲೇ ಹೇಳುತ್ತಿದ್ದಳಂತೆ. ಭರಮಣ್ಣ ಅದನ್ನು ಎರಡು ಸಲ ಹೇಳಿದ. ಚಂದ್ರಾಬಾಯಿ ತಪ್ಪು ಮರಿಯನ್ನು ತಪ್ಪು ತಾಯಿಯ ಕೆಚ್ಚಲಿಗೆ ಹಚ್ಚಿ ಒದೆಸಿಕೊಂಡಳು.

ಆ ಹೊಲದ ಮುಕ್ಕಾಮು ಮುಗಿದು ಮುಂದಿನ ಹೊಲಕ್ಕೆ ಹೊರಡುವ ಬೆಳಿಗ್ಗೆ ಅವಳು ಬಾವಿಯಿಂದ ನೀರು ತಂದಾಗ ದಮಣಿಯ ಪರದೆ ಮೇಲಕ್ಕೆ ಕಟ್ಟಿತ್ತು. ಅವಳ ಗಾದಿ, ಹೊದೆಯುವ ಕೌದಿ, ಬಟ್ಟೆಯ ಗಂಟು ಎಲ್ಲ ಗಾಲಿಯ ಪಕ್ಕ ಇಬ್ಬನಿಯ ನೆಲದ ಮೇಲೆ ಬಿದ್ದಿದ್ದವು. ಭರಮಣ್ಣ ಒಳಗೆ ಜೋಳದ ಕಣಿಕೆ ಹಾಸಿ, ಎರಡೆರಡು ಮರಿಗಳನ್ನು ಕಂಕುಳಲ್ಲಿ ತಂದು ತುಂಬುತ್ತಿದ್ದ. ಕುದುರೆ ಇದ್ದಾಗ ಅದರ ಎರಡೂ ಪಕ್ಕೆಗೆ ಜಾಳಿಗೆ ಕಟ್ಟಿ ಮರಿಗಳನ್ನು ಒಯ್ಯುತ್ತಿದ್ದರು. ಬಂಡಿ ಬೇಕೆಂದು ಅವನಿಗೆ ಅನಿಸಿದ್ದರಲ್ಲಿ ಅರ್ಧ ಪಾಲು ಈ ದಿನಕ್ಕಾಗಿಯೇ.

"ನನ್ನ ಹಾಸಿಗಿ ಯಾಕ ಹೊರಗ ಬಿದ್ದೈತಿ?"

"ಮತ್ತ ಮರಿ ಎಲ್ಲಿ ಹಾಕಲಿ? ಜಾಗ ಎಲ್ಲೈತಿ ಇದರಾಗ? ನೀ ನಡೀತಿ, ಅವಕ್ಕ ನಡಿಯಾಕ ಬರೂದಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ. ಹೊತ್ತು ಮೂಡಿತು ಎನ್ನುವ ಹಾಗೆ ಹೇಳಿದ. ಚಂದ್ರಾಬಾಯಿ ಕೊಡವನ್ನು ಕುಕ್ಕಿ ಇಟ್ಟಳು, ಅರ್ಧ ನೀರು ಚೆಲ್ಲಿತು.

"ಈ ಬಂಡಿ ನಾ ಯಾಕ ಆರಿಸಿದ್ದೆ, ಗೊತ್ತೈತೇನ್ರಿ ನಿಮಗ? ನೀವು ನಾನು ಇಬ್ರ ಇರೂನು ಅಂತ. ಮೂರನೇದವ್ರು ಒಳಗ ಬರಬಾರ್ದು ಅಂತ. ಆವತ್ತು ಜತ್ತದಾಗ ಹತ್ತಿದ್ದು ಹತ್ತಿದ್ದು, ಆಮ್ಯಾಲ ಒಂದ ದಿನ ಒಳಗ ಕಾಲಿಟ್ಟೀರೇನು?"

ಭರಮಣ್ಣ ಕಂಕುಳಲ್ಲಿ ಮರಿ ಹಿಡಿದು ನಿಂತೇಬಿಟ್ಟ. "ನಾ ಬಂಡ್ಯಾಗ ಮಲಗಿದ್ರ ಕುರಿ ಕಾಯಾವ್ರು ಯಾರು?" ಎಂದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಹಾಲವ್ವನ ಗಂಡ ತೀರಿಕೊಂಡ ಮೇಲಿನ ಮೊದಲ ಚಳಿಗಾಲದಿಂದ ಚಂದ್ರಾಬಾಯಿ ಒಳಗೇ ಇಟ್ಟುಕೊಂಡ ಮಾತು ಹೊರಗೆ ಬಂತು.

"ಅಕ್ಕ ಇದ್ದಾಗ ಆಕಿ ಎಲ್ಲಿ ಮಲಗತಿದ್ಲು?"

ಭರಮಣ್ಣ ಯೋಚಿಸಿದ. ಹುಬ್ಬು ಗಂಟಿಕ್ಕಿ, ಕಷ್ಟಪಟ್ಟು ಯೋಚಿಸಿದ. ಎತ್ತಿಗೆ ನೊಗ ಕಟ್ಟುತ್ತಿದ್ದ ಶಿದ್ರಾಯನ ಕಡೆ ತಿರುಗಿದ.

"ವೈನಿ ಎಲ್ಲಿ ಮಲಗತಿದ್ಲೋ ಕಾಕಾ?"

"ನನಗೇನ ಗೊತ್ತೋ? ಯಾವುದರ ಗಿಡದ ಬುಡಕ ಇರಬೇಕು. ಹೆಣ್ಣಮಗಳು, ದೂರನ ಇರ್ತಿದ್ಲು."

"ನಾ ನೋಡಿಲ್ಲ" ಎಂದ ಭರಮಣ್ಣ ಹೆಂಡತಿಗೆ. "ಹೊತ್ತು ಮೂಡೂದ್ರಾಗ ರೊಟ್ಟಿ ಆಗಿರತಿದ್ವು."

ಸುಳ್ಳು ಹೇಳಲು ಬರುವ ಮುಖವಲ್ಲ ಅದು. ಚಂದ್ರಾಬಾಯಿಯ ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಇಳಿಯಲಿಲ್ಲ. ಬದಲಿಗೆ ಮೈಯೆಲ್ಲ ಉರಿಯುವ ಸಿಟ್ಟು ಬಂತು, ಅದೂ ಹಾಲವ್ವನ ಪರವಾಗಿ ಬಂತು. ಗಂಡ ಸತ್ತ ಹೆಂಗಸು, ತೋಳ ತಿರುಗುವ ಬಯಲಿನಲ್ಲಿ, ಇಷ್ಟು ವರ್ಷ ಇವರಿಬ್ಬರಿಗೂ ಹಾಳೆಯಂಥ ರೊಟ್ಟಿ ಮಾಡಿ ಹಾಕಿದಳು. ಅವಳು ಯಾವ ಗಿಡದ ಕೆಳಗೆ ಮಲಗಿದಳು, ಮಲಗಿದಳೋ ಇಲ್ಲವೋ, ಇಬ್ಬರು ಗಂಡಸರೂ ನೋಡಿಲ್ಲ. ಇದಕ್ಕೆ ತಾನು ಹೊಟ್ಟೆ ಉರಿದುಕೊಂಡಳು! ಇದಕ್ಕೆ ಹಬ್ಬದ ಹೋಳಿಗೆ ಕಹಿ ಮಾಡಿಕೊಂಡಳು! ಆ ಅಗಲವಾದ ಬಂಡಿಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಮಲಗಿ ನೋಡಿದ ಹೆಂಗಸಿಗೆ ಮೆಟ್ಟಿಲಿನಿಂದ ಕಾಲು ಇಳಿಸುವ ಹಾಗೆ ಮಾಡಿದಳು.

"ಮತ್ತ ನಾ ಎಲ್ಲಿ ಮಲಗತೀನಿ? ಅದರ ಗೊತ್ತೈತೇನು ನಿಮಗ?" ಎಂದಳು.

ಇದು ಸುಲಭದ ಪ್ರಶ್ನೆ. ಭರಮಣ್ಣ ಕೋಲೆತ್ತಿ ದಮಣಿಯ ಕಡೆ ತೋರಿಸಿದ. ಕೆಂಪು ಪರದೆಯ ಕೆಳಗಿನಿಂದ ಮರಿಗಳು ಮೂತಿ ಹೊರಗೆ ಹಾಕಿ ಅರಚುತ್ತಿದ್ದವು. ಒಳಗೆ ಬೆರಳು ತೂರಿಸಲೂ ಸಂದಿ ಇರಲಿಲ್ಲ. ಅವನ ಕೋಲು ಗಾಳಿಯಲ್ಲೇ ನಿಂತಿತು. ಅವನು ಗಾಲಿಯ ಪಕ್ಕ ಬಿದ್ದಿದ್ದ ಹಾಸಿಗೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಮೆಲ್ಲಗೆ ಕೋಲು ಇಳಿಸಿದ.

ಕೈಯಲ್ಲಿದ್ದ ಕಡೆಯ ಮರಿಯನ್ನು ಅವನು ಶಿದ್ರಾಯನಿಗೆ ಕೊಟ್ಟ. ಗಾದಿಯನ್ನು ಎತ್ತಿ ಇಬ್ಬನಿ ಕೊಡವಿ ಛಾವಣಿಯ ಚೀಲಗಳ ಮೇಲೆ ಹಾಕಿದ. ಕೌದಿಯನ್ನು ಮಾತ್ರ ಅಲ್ಲಿಡಲಿಲ್ಲ. ಮಡಚಿ ತನ್ನ ಕಂಬಳಿಯ ಮೇಲೆ ಹೆಗಲಿಗೆ ಹಾಕಿಕೊಂಡ.

"ಹಟ್ಟ್ಯಾಗ ಥಂಡಿ ಭಾಳ ಇರತೈತಿ" ಎಂದ, ಅವಳ ಮುಖ ನೋಡದೆ. "ಕುರಿ ಮೈಗಿ ಮೈ ಹಚ್ಚತಾವ. ನಿನಗ ಆಗತೈತೋ ಇಲ್ಲೋ."

"ಯಾವತ್ತರ ನನ್ನ ಕೇಳೀರೇನು?"

ಅವನು ನಾಲಿಗೆಯಿಂದ ಟಕ್ಕೆಂದು ಸದ್ದು ಮಾಡಿ ಮುಂದೆ ನಡೆದ. ಕುರಿಗಳೆಲ್ಲ ಒಮ್ಮೆಲೇ ಎದ್ದು ಅವನ ಬೆನ್ನು ಹತ್ತಿದವು. ದಮಣಿ ಹಿಂದಿನಿಂದ ಕಿರುಗುಟ್ಟುತ್ತ ಹೊರಟಿತು. ಹೆಂಗಸರು ನಡೆಯಬೇಕಾದದ್ದು ಬಂಡಿಯ ಜೊತೆ, ಎಲ್ಲಕ್ಕಿಂತ ಹಿಂದೆ. ಚಂದ್ರಾಬಾಯಿ ಸ್ವಲ್ಪ ದೂರ ಹಾಗೇ ನಡೆದಳು. ಮುಂದೆ, ಧೂಳಿನ ಆಚೆ, ಅವನ ಹೆಗಲ ಮೇಲೆ ತನ್ನ ಕೌದಿ ಕಾಣುತ್ತಿತ್ತು. ಅವಳು ಕಣ್ಣೊರೆಸಿಕೊಂಡು, ಕೊಡವನ್ನು ಬಂಡಿಗೆ ತಗುಲಿಸಿ, ಅವನ ಪಕ್ಕಕ್ಕೆ ಹೋಗಬೇಕೆಂದು ಬೇಗ ಬೇಗ ಹೆಜ್ಜೆ ಹಾಕಿದಳು. ಕುರಿಗಳು ಅವನ ಹಿಂದೆ ಒತ್ತೊತ್ತಾಗಿ ನಡೆದಿದ್ದವು, ಒಂದೂ ದಾರಿ ಬಿಡಲಿಲ್ಲ. ಚಂದ್ರಾಬಾಯಿ ಸೀರೆ ಎತ್ತಿ ಕಟ್ಟಿ, ಎರಡೂ ಕೈಯಿಂದ ಅವುಗಳ ಬೆನ್ನು ಸರಿಸುತ್ತ ನಡುವೆ ನುಗ್ಗಿದಳು.